ವೈರಸ್ ತೆಗೆದರೂ ಮತ್ತೆ ಬರುತ್ತಿದೆಯೇ? ಮನೆ ಕಂಪ್ಯೂಟರ್‌ಗೆ ದೋಷ ನಿವಾರಣೆ ಕೈಪಿಡಿ

ಕಂಪ್ಯೂಟರ್‌ನಲ್ಲಿ ಏನೋ ಎಡವಟ್ಟಾದರೆ ಬಹಳ ಮನೆಗಳಲ್ಲಿ ಬರುವ ಮೊದಲ ಮಾತು, "ವೈರಸ್ ಬಂದಿದೆ, ಫಾರ್ಮ್ಯಾಟ್ ಮಾಡಿಸಬೇಕು." ಅಂಗಡಿಗೆ ಹೊತ್ತುಕೊಂಡು ಹೋಗುತ್ತಾರೆ, ದುಡ್ಡು ಕೊಡುತ್ತಾರೆ, ಹಳೆಯ ಫೋಟೋ ಒಂದಷ್ಟು ಕಳೆದುಕೊಂಡು ಮನೆಗೆ ತರುತ್ತಾರೆ. ಸ್ವಲ್ಪ ದಿನಕ್ಕೆ ಮತ್ತೆ ಅದೇ ಕಾಟ. ಯಾಕೆಂದರೆ ಕಾಟ ಕೊಡುತ್ತಿರುವುದು ಏನು, ಅದು ಎಲ್ಲಿ ಕೂತಿದೆ, ಯಾವ ದಾರಿಯಲ್ಲಿ ಒಳಗೆ ಬಂತು ಅಂತ ಯಾರೂ ನೋಡಿರುವುದಿಲ್ಲ. ಈ ಮೂರಕ್ಕೆ ಉತ್ತರ ಸಿಕ್ಕರೆ ಬಹಳಷ್ಟು ಸಲ ಫಾರ್ಮ್ಯಾಟ್ ಬೇಕಾಗುವುದೇ ಇಲ್ಲ. ಉತ್ತರ ಸಿಗದಿದ್ದರೆ ಫಾರ್ಮ್ಯಾಟ್ ಮಾಡಿಸಿಯೂ ಪ್ರಯೋಜನವಿಲ್ಲ.

ಇಲ್ಲಿ ಹೇಳಿರುವುದೆಲ್ಲ ವಿಂಡೋಸ್ 10 ಮತ್ತು 11 ಇರುವ ಮನೆ ಕಂಪ್ಯೂಟರ್‌ಗೆ. ಮೆನುಗಳ ಹೆಸರು ಪರದೆಯ ಮೇಲೆ ಇಂಗ್ಲಿಷ್‌ನಲ್ಲಿರುತ್ತವೆ, ಅವನ್ನೇ ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ. ಆಫೀಸಿನ ಲ್ಯಾಪ್‌ಟಾಪ್ ಆಗಿದ್ದರೆ ಇದ್ಯಾವುದಕ್ಕೂ ಕೈ ಹಾಕಬೇಡಿ, ನಿಮ್ಮ ಐಟಿ ವಿಭಾಗಕ್ಕೆ ತಿಳಿಸಿ.

ಅನುಮಾನ ಬಂದ ಗಳಿಗೆಯಿಂದ ಆ ಕಂಪ್ಯೂಟರ್‌ನಲ್ಲಿ ನೆಟ್ ಬ್ಯಾಂಕಿಂಗ್, ಇಮೇಲ್ ಯಾವುದನ್ನೂ ತೆರೆಯಬೇಡಿ. ಮೌಸ್ ತಾನಾಗಿ ಓಡಾಡುತ್ತಿದ್ದರೆ ಅಥವಾ ಕಣ್ಣೆದುರೇ ಫೈಲ್‌ಗಳ ಹೆಸರು ಬದಲಾಗುತ್ತಿದ್ದರೆ ಮೊದಲು ನೆಟ್ ಕಟ್ ಮಾಡಿ. ವೈಫೈ ಆಫ್ ಮಾಡಲು ಹುಡುಕಾಡುವುದಕ್ಕಿಂತ ರೂಟರ್‌ನ ಸ್ವಿಚ್ಚನ್ನೇ ಆರಿಸುವುದು ಬೇಗ ಆಗುತ್ತದೆ.

ನಿಧಾನವಾಗಿದೆ ಅಂದರೆ ವೈರಸ್ಸೇ?

ಸಾಮಾನ್ಯವಾಗಿ ಅಲ್ಲ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಸಿಪಿಯು, ಮೆಮೊರಿ, ಡಿಸ್ಕ್ ಅಂತ ಕಾಲಂಗಳಿರುತ್ತವೆ. ಡಿಸ್ಕ್ 100 ಪರ್ಸೆಂಟ್ ತೋರಿಸುತ್ತಾ, ಮೇಲಿರುವ ಹೆಸರುಗಳೆಲ್ಲ ವಿಂಡೋಸ್ ಅಪ್‌ಡೇಟ್, ಸರ್ಚ್ ಇಂಡೆಕ್ಸರ್, ಆಂಟಿಮಾಲ್‌ವೇರ್ ಸರ್ವಿಸ್ ಅಂತಿದ್ದರೆ ಅದು ವೈರಸ್ ಅಲ್ಲ. ತಿರುಗುವ ಹಳೆಯ ಹಾರ್ಡ್ ಡಿಸ್ಕ್, 4 ಜಿಬಿ ರ‍್ಯಾಮ್ ಇರುವ ಯಂತ್ರಕ್ಕೆ ಈಗಿನ ವಿಂಡೋಸ್ ಭಾರವಾಗುತ್ತದೆ. ಅದಕ್ಕೆ ಮದ್ದು, ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್ ಆದ ಎಸ್‌ಎಸ್‌ಡಿ. ಆಂಟಿವೈರಸ್ ಮೇಲೆ ಆಂಟಿವೈರಸ್ ಹಾಕಿದರೆ ಇನ್ನೂ ನಿಧಾನ ಆಗುತ್ತದೆ ಅಷ್ಟೇ.

ಅನುಮಾನ ಪಡಬೇಕಾದ ಲಕ್ಷಣಗಳೇ ಬೇರೆ. ಏನೂ ಕೆಲಸ ಮಾಡದಿದ್ದರೂ ಫ್ಯಾನ್ ಜೋರಾಗಿ ಓಡುತ್ತದೆ, ಟಾಸ್ಕ್ ಮ್ಯಾನೇಜರ್ ತೆರೆದ ಕೂಡಲೇ ತಣ್ಣಗಾಗುತ್ತದೆ. ಕದ್ದು ಕ್ರಿಪ್ಟೋ ಕಾಯಿನ್ ಗಣಿಗಾರಿಕೆ ಮಾಡುವ ಕೆಲವು ಪ್ರೋಗ್ರಾಂಗಳು ಹೀಗೇ ನಡೆದುಕೊಳ್ಳುತ್ತವೆ, ನೀವು ನೋಡಲು ಬಂದಿರಿ ಅಂತ ಗೊತ್ತಾದರೆ ನಿಂತುಬಿಡುತ್ತವೆ. ವಿಂಡೋಸ್‌ನ ಸ್ವಂತ ಸುರಕ್ಷತಾ ಆಪ್ ಆದ ವಿಂಡೋಸ್ ಸೆಕ್ಯುರಿಟಿ ತೆರೆಯಲು ಹೋದರೆ ತೆರೆಯುವುದಿಲ್ಲ. ಆಂಟಿವೈರಸ್ ಕಂಪನಿಗಳ ವೆಬ್‌ಸೈಟ್ ಮಾತ್ರ ಬರುವುದಿಲ್ಲ, ಉಳಿದವೆಲ್ಲ ಬರುತ್ತವೆ. ನೀವು ಕಳಿಸದ ಮೆಸೇಜು ನಿಮ್ಮ ಹೆಸರಲ್ಲಿ ಗೆಳೆಯರಿಗೆ ಹೋಗಿರುತ್ತದೆ. ಇಂಥವು ಕಂಡರೆ ಮುಂದಿನ ಭಾಗಗಳು ನಿಮಗೆ ಬೇಕು.

ಬಲಗಡೆ ಮೂಲೆಯಲ್ಲಿ ಬರುವ "ನಿಮ್ಮ ಕಂಪ್ಯೂಟರ್‌ನಲ್ಲಿ 5 ವೈರಸ್ ಇವೆ"

ಹಿರಿಯರು ಬಳಸುವ ಕಂಪ್ಯೂಟರ್‌ಗಳಲ್ಲಿ ಇದು ತುಂಬಾ ಸಾಮಾನ್ಯ. ಪರದೆಯ ಕೆಳಗಡೆ ಬಲಮೂಲೆಯಲ್ಲಿ ಒಂದರ ಹಿಂದೆ ಒಂದು ಚೌಕ ಏಳುತ್ತದೆ. ಕೆಂಪು ಗುರುತು, ಹೆಸರಾಂತ ಆಂಟಿವೈರಸ್‌ನ ಚಿಹ್ನೆ, "ಅವಧಿ ಮುಗಿದಿದೆ, ಈಗಲೇ ನವೀಕರಿಸಿ" ಎನ್ನುವ ಬೆದರಿಕೆ.

ಕ್ಲಿಕ್ ಮಾಡುವ ಮೊದಲು ಆ ಚೌಕವನ್ನು ಸ್ವಲ್ಪ ಗಮನವಿಟ್ಟು ನೋಡಿ. ಅದರಲ್ಲಿ ಕ್ರೋಮ್ ಅಥವಾ ಎಡ್ಜ್‌ನ ಹೆಸರು ಇರುತ್ತದೆ. ಸಣ್ಣ ಅಕ್ಷರದಲ್ಲಿ ಯಾವುದೋ ಗೊತ್ತಿಲ್ಲದ ವೆಬ್‌ಸೈಟ್ ವಿಳಾಸವೂ ಇರುತ್ತದೆ. ಅಂದರೆ ಆ ಮಾತು ಹೇಳುತ್ತಿರುವುದು ವಿಂಡೋಸ್ ಅಲ್ಲ, ಆಂಟಿವೈರಸ್ಸೂ ಅಲ್ಲ, ಆ ವೆಬ್‌ಸೈಟು. ಯಾವಾಗಲೋ ಸಿನಿಮಾ ಡೌನ್‌ಲೋಡ್ ಮಾಡಲೋ, ಒಂದು ಪಿಡಿಎಫ್ ಹುಡುಕಲೋ ಹೋದಾಗ "ನೀವು ರೋಬೋ ಅಲ್ಲ ಅಂತ ತೋರಿಸಲು ಅಲೋ ಒತ್ತಿ" ಎಂದು ಕೇಳಿತ್ತು, ಮನೆಯಲ್ಲಿ ಯಾರೋ ಒತ್ತಿದ್ದಾರೆ. ಅಲ್ಲಿಂದ ಅದಕ್ಕೆ ನೋಟಿಫಿಕೇಶನ್ ಕಳಿಸುವ ಹಕ್ಕು ಸಿಕ್ಕಿದೆ. ಕಂಪ್ಯೂಟರ್ ಒಳಗೆ ಇನ್ನೂ ಏನೂ ಬಂದಿಲ್ಲ. ಆ ಚೌಕವನ್ನು ಒತ್ತಿ, ಅದು ಹೇಳಿದ್ದನ್ನು ಇನ್‌ಸ್ಟಾಲ್ ಮಾಡಿದರೆ ಮಾತ್ರ ಬರುತ್ತದೆ.

ತೆಗೆಯುವುದು ಸುಲಭ. ಕ್ರೋಮ್‌ನ ಸೆಟ್ಟಿಂಗ್ಸ್‌ನಲ್ಲಿ ಪ್ರೈವಸಿ ಆಂಡ್ ಸೆಕ್ಯುರಿಟಿ, ಅದರೊಳಗೆ ಸೈಟ್ ಸೆಟ್ಟಿಂಗ್ಸ್, ಅದರೊಳಗೆ ನೋಟಿಫಿಕೇಶನ್ಸ್. ಅನುಮತಿ ಪಡೆದ ಸೈಟ್‌ಗಳ ಪಟ್ಟಿ ಕಾಣುತ್ತದೆ. ಗೊತ್ತಿಲ್ಲದ ಪ್ರತಿಯೊಂದನ್ನೂ ಅದರ ಪಕ್ಕದ ಮೂರು ಚುಕ್ಕೆ ಒತ್ತಿ ಬ್ಲಾಕ್ ಮಾಡಿ. ಅಪ್ಪ ಅಮ್ಮನ ಕಂಪ್ಯೂಟರ್ ಆಗಿದ್ದರೆ ಅದೇ ಪುಟದಲ್ಲಿ ಯಾವ ಸೈಟೂ ನೋಟಿಫಿಕೇಶನ್ ಕೇಳಲೇಬಾರದು ಎಂಬ ಆಯ್ಕೆ ಹಾಕಿಬಿಡುವುದು ಒಳ್ಳೆಯದು. ಅದರಿಂದ ಅವರಿಗೆ ಯಾವ ನಷ್ಟವೂ ಇಲ್ಲ.

ಹೊಸ ಲ್ಯಾಪ್‌ಟಾಪ್ ಜೊತೆ ಬಂದ ಟ್ರಯಲ್ ಆಂಟಿವೈರಸ್ ಅವಧಿ ಮುಗಿದ ಮೇಲೆ ಹೀಗೇ ಕಾಡುವುದುಂಟು. ಅದು ಮೋಸವಲ್ಲ, ಬರೀ ಕಿರಿಕಿರಿ. ದುಡ್ಡು ಕಟ್ಟುವ ಮನಸ್ಸಿಲ್ಲದಿದ್ದರೆ ಸೆಟ್ಟಿಂಗ್ಸ್‌ನ ಆಪ್ಸ್ ಪಟ್ಟಿಯಿಂದ ಅದನ್ನು ಪೂರ್ತಿ ತೆಗೆಯಿರಿ. ವಿಂಡೋಸ್ ಜೊತೆಗೇ ಇರುವ ಆಂಟಿವೈರಸ್ ಡಿಫೆಂಡರ್ ತಾನಾಗಿ ಎದ್ದು ಕೂರುತ್ತದೆ. ವಿಂಡೋಸ್ ಸೆಕ್ಯುರಿಟಿ ತೆರೆದು ಹಸಿರು ಗುರುತು ಬಂದಿದೆಯೇ ಅಂತ ಒಮ್ಮೆ ಖಾತ್ರಿ ಮಾಡಿಕೊಳ್ಳಿ.

ಪರದೆ ತುಂಬಾ ಎಚ್ಚರಿಕೆ, ಕೂಗುವ ಸೈರನ್, ಒಂದು ಫೋನ್ ನಂಬರ್

ಇದೂ ಒಂದು ವೆಬ್ ಪುಟವೇ. ಮೈಕ್ರೋಸಾಫ್ಟ್‌ನಿಂದ ಬರುವ ನಿಜವಾದ ಎರರ್ ಸಂದೇಶದಲ್ಲಿ ಫೋನ್ ನಂಬರ್ ಇರುವುದಿಲ್ಲ. ನಂಬರ್ ಇದ್ದರೆ ಮೋಸ, ಮತ್ತೆ ಯೋಚನೆ ಮಾಡಬೇಕಾಗಿಲ್ಲ. ಎಸ್ಕೇಪ್ ಕೀಯನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿಯಿರಿ. ಹೋಗದಿದ್ದರೆ ಆಲ್ಟ್ ಮತ್ತು ಎಫ್4. ಅದಕ್ಕೂ ಬಗ್ಗದಿದ್ದರೆ ಟಾಸ್ಕ್ ಮ್ಯಾನೇಜರ್ ತೆರೆದು ಬ್ರೌಸರ್ ಮೇಲೆ ಎಂಡ್ ಟಾಸ್ಕ್. ಮತ್ತೆ ಬ್ರೌಸರ್ ತೆರೆದಾಗ ಹಳೆಯ ಪುಟಗಳನ್ನು ರಿಸ್ಟೋರ್ ಮಾಡಲೇ ಅಂತ ಕೇಳುತ್ತದೆ. ಬೇಡ ಅನ್ನಿ, ಇಲ್ಲದಿದ್ದರೆ ಅದೇ ಪುಟ ವಾಪಸ್ ಬರುತ್ತದೆ.

ಗಾಬರಿಯಲ್ಲಿ ಆ ನಂಬರಿಗೆ ಫೋನ್ ಮಾಡಿ, ಅವರು ಹೇಳಿದಂತೆ ದೂರದಿಂದಲೇ ಕಂಪ್ಯೂಟರ್ ನಡೆಸುವ ಎನಿಡೆಸ್ಕ್ ಅಥವಾ ಟೀಮ್‌ವ್ಯೂವರ್ ಹಾಕಿಸಿ ಕಂಪ್ಯೂಟರ್ ಕೈಗೆ ಕೊಟ್ಟಾಗಿದ್ದರೆ ಮಾತು ಬೇರೆ. ಎರಡೂ ಒಳ್ಳೆಯ ಸಾಫ್ಟ್‌ವೇರ್‌ಗಳೇ, ಕಳ್ಳನ ಕೈಗೆ ಸಿಕ್ಕಿವೆ ಅಷ್ಟೇ. ಅದಕ್ಕೇ ಆಂಟಿವೈರಸ್ ಅವನ್ನು ಹಿಡಿಯುವುದಿಲ್ಲ. ನೆಟ್ ಕಟ್ ಮಾಡಿ, ಫೋನ್‌ನಿಂದ ಬ್ಯಾಂಕಿಗೆ ಕರೆ ಮಾಡಿ, ದುಡ್ಡು ಹೋಗಿದ್ದರೆ ತಕ್ಷಣ 1930ಕ್ಕೆ ಕರೆ ಮಾಡಿ. ಇದು ಸೈಬರ್ ವಂಚನೆಗಾಗಿ ಇರುವ ರಾಷ್ಟ್ರೀಯ ಸಹಾಯವಾಣಿ. ಬೇಗ ಹೇಳಿದಷ್ಟೂ ದುಡ್ಡು ಮುಂದೆ ಸಾಗುವ ಮೊದಲೇ ತಡೆಯುವ ಸಾಧ್ಯತೆ ಜಾಸ್ತಿ. ಕಂಪ್ಯೂಟರ್ ಸ್ವಚ್ಛ ಮಾಡುವ ಕೆಲಸ ಆಮೇಲೆ ಆಗಲಿ. ಮನೆಯ ಹಿರಿಯರು ಹೀಗೆ ಸಿಕ್ಕಿಬಿದ್ದಿದ್ದರೆ ದಯವಿಟ್ಟು ಅವರನ್ನು ಬಯ್ಯಬೇಡಿ. ಬಯ್ದರೆ ಮುಂದಿನ ಸಲ ಅವರು ನಿಮಗೆ ಹೇಳುವುದೇ ಇಲ್ಲ.

ಬ್ರೌಸರ್ ಬೇರೆಲ್ಲೋ ಕರೆದೊಯ್ಯುತ್ತಿದೆ

ಗೂಗಲ್‌ನಲ್ಲಿ ಹುಡುಕಿದರೆ ಯಾವುದೋ ಗೊತ್ತಿಲ್ಲದ ಸರ್ಚ್ ಪುಟ ಬರುತ್ತದೆ, ಹೋಂ ಪೇಜ್ ಬದಲಾಗಿದೆ, ಎಲ್ಲಿ ಒತ್ತಿದರೂ ಜಾಹೀರಾತು. ಇಲ್ಲಿ ಮೊದಲು ಮಾಡಬೇಕಾದ ಪರೀಕ್ಷೆ ಒಂದಿದೆ, ಬಹಳ ಜನ ಮಾಡುವುದಿಲ್ಲ. ಮನೆಯ ವೈಫೈ ಬಿಟ್ಟು, ಮೊಬೈಲ್ ಹಾಟ್‌ಸ್ಪಾಟ್‌ಗೆ ಕಂಪ್ಯೂಟರ್ ಜೋಡಿಸಿ ನೋಡಿ. ತೊಂದರೆ ಮಾಯವಾದರೆ ದೋಷ ಕಂಪ್ಯೂಟರ್‌ನಲ್ಲಿಲ್ಲ, ರೂಟರ್‌ನಲ್ಲಿದೆ. ವೈಫೈನಲ್ಲಿದ್ದಾಗ ಫೋನ್‌ನಲ್ಲೂ ಅದೇ ಜಾಹೀರಾತು ಬರುತ್ತಿದ್ದರೆ ಅನುಮಾನ ಇನ್ನೂ ಗಟ್ಟಿ. ರೂಟರ್‌ನ ಡಿಎನ್‌ಎಸ್ (ವೆಬ್‌ಸೈಟ್ ಹೆಸರಿನಿಂದ ಅದರ ಜಾಗ ಹುಡುಕಿಕೊಡುವ ವ್ಯವಸ್ಥೆ) ಸೆಟ್ಟಿಂಗ್ ಯಾರೋ ಬದಲಿಸಿರುತ್ತಾರೆ. ಹಾಕಿಸಿದಾಗಿನ ಅಡ್ಮಿನ್ ಪಾಸ್‌ವರ್ಡ್ ಹಾಗೇ ಬಿಟ್ಟರೆ ಆಗುವುದೇ ಇದು. ರೂಟರ್ ರಿಸೆಟ್ ಮಾಡಿ, ಹೊಸ ಅಡ್ಮಿನ್ ಪಾಸ್‌ವರ್ಡ್ ಇಡಿ. ಆದರೆ ರಿಸೆಟ್ ಗುಂಡಿ ಒತ್ತುವ ಮೊದಲು ನಿಮ್ಮ ಇಂಟರ್ನೆಟ್ ಕೊಡುವವರಿಂದ ಸಂಪರ್ಕದ ಯೂಸರ್‌ನೇಮ್ ಮತ್ತು ಪಾಸ್‌ವರ್ಡ್ ಕೇಳಿ ಬರೆದಿಟ್ಟುಕೊಳ್ಳಿ. ಇಲ್ಲದಿದ್ದರೆ ಅವರ ಹುಡುಗ ಬರುವವರೆಗೆ ನೆಟ್ಟೇ ಇರುವುದಿಲ್ಲ.

ಹಾಟ್‌ಸ್ಪಾಟ್‌ನಲ್ಲೂ ಕಾಟ ಹಾಗೇ ಇದ್ದರೆ ಎಕ್ಸ್‌ಟೆನ್ಶನ್ ಪಟ್ಟಿ, ಅಂದರೆ ಬ್ರೌಸರ್‌ಗೆ ಸೇರಿಸಿಕೊಂಡ ಚಿಕ್ಕ ಪ್ರೋಗ್ರಾಂಗಳ ಪಟ್ಟಿ ತೆರೆಯಿರಿ. ಕೂಪನ್ ಕೊಡುವುದು, ಪಿಡಿಎಫ್ ಬದಲಿಸುವುದು, ವಿಡಿಯೋ ಇಳಿಸುವುದು, ಹೊಸ ಟ್ಯಾಬ್‌ಗೆ ಚಂದದ ಚಿತ್ರ ಹಾಕುವುದು, ಇಂಥವೇ ಜಾಸ್ತಿ ಕೈಕೊಡುವುದು. ನೀವು ಹಾಕಿದ್ದು ನೆನಪಿಲ್ಲದ ಎಲ್ಲವನ್ನೂ ತೆಗೆಯಿರಿ. ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ರಿಸೆಟ್ ಸೆಟ್ಟಿಂಗ್ಸ್ ಮಾಡಿ, ಬುಕ್‌ಮಾರ್ಕ್ ಮತ್ತು ಉಳಿಸಿದ ಪಾಸ್‌ವರ್ಡ್‌ಗಳು ಹೋಗುವುದಿಲ್ಲ.

ತೆಗೆದ ಎಕ್ಸ್‌ಟೆನ್ಶನ್ ಮಾರನೆಯ ದಿನ ಮತ್ತೆ ಕೂತಿದ್ದರೆ ಎರಡು ಕಾರಣ ಇರಬಹುದು. ಒಂದು, ಅದೇ ಗೂಗಲ್ ಖಾತೆ ಇನ್ನೊಂದು ಕಂಪ್ಯೂಟರ್‌ನಲ್ಲೂ ಇದ್ದು, ಸಿಂಕ್ ಮೂಲಕ ಅಲ್ಲಿಂದ ವಾಪಸ್ ಬರುತ್ತಿದೆ. ಎರಡೂ ಕಡೆ ತೆಗೆಯಬೇಕು. ಇನ್ನೊಂದು ಕಾರಣ ಸ್ವಲ್ಪ ಗಂಭೀರ. ಕ್ರೋಮ್‌ನ ಮೂರು ಚುಕ್ಕೆ ಮೆನುವಿನ ಕೊನೆಯಲ್ಲಿ "ಮ್ಯಾನೇಜ್ಡ್ ಬೈ ಯುವರ್ ಆರ್ಗನೈಸೇಶನ್" ಅಂತ ಇದೆಯೇ ನೋಡಿ. ಮನೆ ಕಂಪ್ಯೂಟರ್‌ಗೆ ಯಾವ ಆರ್ಗನೈಸೇಶನ್, ಅಲ್ವಾ? ಆಫೀಸ್ ಅಥವಾ ಕಾಲೇಜು ಖಾತೆ ಸೇರಿಸಿರದಿದ್ದರೆ, ಯಾವುದೋ ಪ್ರೋಗ್ರಾಂ ಆಫೀಸುಗಳಿಗೆಂದು ಇರುವ ಪಾಲಿಸಿ ಸೌಲಭ್ಯವನ್ನು ಬಳಸಿ ನೀವು ತೆಗೆಯಲಾಗದಂತೆ ಬೀಗ ಹಾಕಿದೆ ಅಂತ ಅನುಮಾನಿಸಬೇಕು. ಕೆಲವು ಆಂಟಿವೈರಸ್‌ಗಳೂ ಪಾಲಿಸಿ ಬಳಸುತ್ತವೆ, ಅದೊಂದನ್ನು ನೋಡಿಕೊಳ್ಳಿ. ಇಂಥ ಬೀಗ ತೆಗೆಯಲು ಮಾಲ್‌ವೇರ್‌ಬೈಟ್ಸ್‌ನವರ ಆಡ್‌ಡಬ್ಲ್ಯುಕ್ಲೀನರ್ ಎಂಬ ಉಚಿತ ಟೂಲ್ ಚೆನ್ನಾಗಿ ಕೆಲಸ ಮಾಡುತ್ತದೆ. ಅದನ್ನು ಅವರ ಸ್ವಂತ ವೆಬ್‌ಸೈಟ್‌ನಿಂದಲೇ ಇಳಿಸಿಕೊಳ್ಳಿ. ಹುಡುಕಿದಾಗ ಮೇಲೆ ಬರುವ ಜಾಹೀರಾತಿನ ಲಿಂಕ್ ಒತ್ತಬೇಡಿ.

ಪೆನ್ ಡ್ರೈವ್ ತೆರೆದರೆ ಒಂದೇ ಒಂದು ಶಾರ್ಟ್‌ಕಟ್

ಜೆರಾಕ್ಸ್ ಅಂಗಡಿ, ಸೈಬರ್ ಸೆಂಟರ್, ಕಾಲೇಜಿನ ಲ್ಯಾಬ್, ಫೋಟೋ ಸ್ಟುಡಿಯೋ. ನಮ್ಮ ಊರುಗಳಲ್ಲಿ ಪೆನ್ ಡ್ರೈವ್ ಓಡಾಡುವ ಜಾಗಗಳು ಇವೇ. ದಿನವಿಡೀ ಹತ್ತಾರು ಪೆನ್ ಡ್ರೈವ್ ಹಾಕಿ ತೆಗೆಯುವ ಯಂತ್ರದಲ್ಲಿ ಒಂದಕ್ಕೆ ಹತ್ತಿದ್ದು ಎಲ್ಲಕ್ಕೂ ಹತ್ತುತ್ತದೆ. ಅಂಗಡಿಯವರಿಗೆ ಬೇಕಂತ ಮಾಡುವ ಉದ್ದೇಶ ಇರುವುದಿಲ್ಲ.

ಲಕ್ಷಣ ಹೀಗಿರುತ್ತದೆ. ಪೆನ್ ಡ್ರೈವ್ ತೆರೆದರೆ ನಿಮ್ಮ ಫೈಲ್‌ಗಳಿಲ್ಲ. ಪೆನ್ ಡ್ರೈವ್‌ನದೇ ಹೆಸರಿನ ಒಂದು ಐಕಾನ್ ಇದೆ, ಅದರ ಎಡಗಡೆ ಕೆಳಮೂಲೆಯಲ್ಲಿ ಪುಟ್ಟ ಬಾಣದ ಗುರುತು. ಸೈಜ್ ನೋಡಿದರೆ 1 ಅಥವಾ 2 ಕೆಬಿ. ಅದನ್ನು ಡಬಲ್ ಕ್ಲಿಕ್ ಮಾಡಬೇಡಿ. ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆರೆದು, ಟಾರ್ಗೆಟ್ ಎಂಬ ಸಾಲು ಓದಿ. ಫೋಲ್ಡರ್‌ನ ದಾರಿ ಇರಬೇಕಾದ ಜಾಗದಲ್ಲಿ ಸಿಎಂಡಿ, ಡಬ್ಲ್ಯುಸ್ಕ್ರಿಪ್ಟ್, ರನ್‌ಡಿಎಲ್‌ಎಲ್32 ಅಂತ ಏನಾದರೂ ಶುರುವಾಗಿ ಉದ್ದಕ್ಕೆ ಹೋಗಿದ್ದರೆ ಇದು ಶಾರ್ಟ್‌ಕಟ್ ವೈರಸ್. ನೀವು ಡಬಲ್ ಕ್ಲಿಕ್ ಮಾಡಿದಾಗ ಅದು ಮೊದಲು ತನ್ನನ್ನು ಕಂಪ್ಯೂಟರ್‌ಗೆ ಇಳಿಸಿಕೊಳ್ಳುತ್ತದೆ, ಆಮೇಲೆ ನಿಮ್ಮ ಫೈಲ್‌ಗಳನ್ನೂ ತೆರೆದು ತೋರಿಸುತ್ತದೆ. ಫೈಲ್ ಬಂತಲ್ಲ ಅಂತ ನೀವು ಸುಮ್ನೆ ಇರುತ್ತೀರಿ. ಇದು ಇಷ್ಟು ವರ್ಷ ಬದುಕಿರುವುದು ಹಾಗೆಯೇ.

ಫೈಲ್‌ಗಳು ಅಳಿದಿಲ್ಲ, ಬಚ್ಚಿಟ್ಟಿವೆ. ಫೈಲ್ ಎಕ್ಸ್‌ಪ್ಲೋರರ್‌ನ ವ್ಯೂ ಮೆನುವಿನಲ್ಲಿ ಹಿಡನ್ ಐಟಮ್ಸ್ ಆನ್ ಮಾಡಿ. ಆಗಲೂ ಕಾಣದಿದ್ದರೆ ಆಪ್ಶನ್ಸ್‌ಗೆ ಹೋಗಿ, ವ್ಯೂ ಟ್ಯಾಬ್‌ನಲ್ಲಿ ಸಿಸ್ಟಂ ಫೈಲ್‌ಗಳನ್ನು ಬಚ್ಚಿಡುವ ಟಿಕ್ ಗುರುತನ್ನು ತೆಗೆಯಿರಿ. ಬಹಳ ಸಲ ಹೆಸರೇ ಇಲ್ಲದ, ಖಾಲಿ ಹೆಸರಿನ ಒಂದು ಫೋಲ್ಡರ್ ಕಾಣುತ್ತದೆ. ನಿಮ್ಮದೆಲ್ಲ ಅದರೊಳಗಿರುತ್ತದೆ. ಫೋಟೋ, ಪಿಡಿಎಫ್, ಡಾಕ್ಯುಮೆಂಟ್‌ಗಳನ್ನಷ್ಟೇ ಕಂಪ್ಯೂಟರ್‌ಗೆ ನಕಲು ಮಾಡಿ ಸ್ಕ್ಯಾನ್ ಮಾಡಿ, ಪೆನ್ ಡ್ರೈವ್ ಫಾರ್ಮ್ಯಾಟ್ ಮಾಡಿ. ಕೆಲಸ ಮುಗಿದ ಮೇಲೆ ಆ ಟಿಕ್ ಗುರುತನ್ನು ವಾಪಸ್ ಹಾಕಿ.

ಫಾರ್ಮ್ಯಾಟ್ ಮಾಡಿದ ಪೆನ್ ಡ್ರೈವ್‌ನಲ್ಲಿ ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಶಾರ್ಟ್‌ಕಟ್ ಮೂಡಿದರೆ ನಿಮ್ಮ ಕಂಪ್ಯೂಟರ್‌ಗೂ ಹತ್ತಿದೆ. ಕಂಪ್ಯೂಟರ್ ಸರಿಯಾಗುವವರೆಗೆ ಯಾವ ಪೆನ್ ಡ್ರೈವನ್ನೂ ಹಾಕಬೇಡಿ. ಫೋನ್ ಅನ್ನೂ ಕೇಬಲ್‌ನಲ್ಲಿ ಜೋಡಿಸಬೇಡಿ, ಅದರ ಮೆಮೊರಿ ಕಾರ್ಡ್‌ಗೂ ಹರಡಬಹುದು.

ಸ್ಕ್ಯಾನ್ ಮಾಡುವ ಕ್ರಮ

ವಿಂಡೋಸ್ ಓಡುತ್ತಿರುವಾಗ ವೈರಸ್ಸೂ ಓಡುತ್ತಿರುತ್ತದೆ, ತನ್ನನ್ನು ಕಾಪಾಡಿಕೊಳ್ಳುತ್ತಿರುತ್ತದೆ. ಅದಕ್ಕೇ ಕ್ವಿಕ್ ಸ್ಕ್ಯಾನ್ ಮಾಡಿ "ಏನೂ ಸಿಗಲಿಲ್ಲ" ಅಂತ ನಿಲ್ಲಿಸಬಾರದು. ವಿಂಡೋಸ್ ಸೆಕ್ಯುರಿಟಿಯಲ್ಲಿ ವೈರಸ್ ಆಂಡ್ ಥ್ರೆಟ್ ಪ್ರೊಟೆಕ್ಷನ್, ಅದರೊಳಗೆ ಸ್ಕ್ಯಾನ್ ಆಪ್ಶನ್ಸ್. ಮೊದಲು ಅಪ್‌ಡೇಟ್ ಮಾಡಿಕೊಂಡು, ಆಫ್‌ಲೈನ್ ಸ್ಕ್ಯಾನ್ ಆರಿಸಿ. ತೆರೆದಿರುವ ಕೆಲಸವೆಲ್ಲ ಸೇವ್ ಮಾಡಿರಿ, ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತದೆ. ವಿಂಡೋಸ್ ಏಳುವ ಮೊದಲೇ ಡಿಫೆಂಡರ್ ಡಿಸ್ಕನ್ನು ನೋಡುತ್ತದೆ. ಸುಮಾರು 15 ನಿಮಿಷ ಹಿಡಿಯುತ್ತದೆ. ಇದಾದ ಮೇಲೆ ಒಂದು ಫುಲ್ ಸ್ಕ್ಯಾನ್ ಹಾಕಿ ಬಿಡಿ. ಅದಕ್ಕೆ ಗಂಟೆಗಟ್ಟಲೆ ಬೇಕು, ರಾತ್ರಿ ಹಾಕಿ ಮಲಗುವುದು ವಾಸಿ.

ಎರಡನೇ ಅಭಿಪ್ರಾಯ ಬೇಕೆನಿಸಿದರೆ ಮಾಲ್‌ವೇರ್‌ಬೈಟ್ಸ್‌ನ ಉಚಿತ ಆವೃತ್ತಿ ಅಥವಾ ಮೈಕ್ರೋಸಾಫ್ಟ್ ಸೇಫ್ಟಿ ಸ್ಕ್ಯಾನರ್ ಓಡಿಸಿ. ಸೇಫ್ಟಿ ಸ್ಕ್ಯಾನರ್ ಇಳಿಸಿಕೊಂಡ 10 ದಿನಕ್ಕೆ ಹಳಸುತ್ತದೆ, ಮತ್ತೆ ಬೇಕಾದರೆ ಹೊಸದನ್ನೇ ಇಳಿಸಿಕೊಳ್ಳಬೇಕು. ಸೈಬರ್ ಸುರಕ್ಷತೆ ನೋಡಿಕೊಳ್ಳುವ ನಮ್ಮ ಸರ್ಕಾರದ ಸರ್ಟ್-ಇನ್ ಸಂಸ್ಥೆ 2017ರಲ್ಲಿ ಶುರು ಮಾಡಿದ ಸೈಬರ್ ಸ್ವಚ್ಛತಾ ಕೇಂದ್ರದಲ್ಲೂ ಉಚಿತ ಬಾಟ್ ರಿಮೂವಲ್ (ಕಂಪ್ಯೂಟರನ್ನು ದೂರದಿಂದ ಆಳುವ ವೈರಸ್ ತೆಗೆಯುವ) ಟೂಲ್‌ಗಳು ಸಿಗುತ್ತವೆ. ಪೆನ್ ಡ್ರೈವ್ ಹಾವಳಿ ಜಾಸ್ತಿ ಇರುವವರಿಗೆ ಸರ್ಕಾರಿ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್ ಮಾಡಿದ ಯುಎಸ್‌ಬಿ ಪ್ರತಿರೋಧ್ ಎಂಬ ಸಾಫ್ಟ್‌ವೇರನ್ನೂ ಆ ಕೇಂದ್ರ ಪರಿಚಯಿಸಿದೆ. ಒಮ್ಮೆ ಓಡಿಸಿ ಮುಗಿಸುವ ಸ್ಕ್ಯಾನರ್‌ಗಳು ಎಷ್ಟಿದ್ದರೂ ಪರವಾಗಿಲ್ಲ. ಸದಾ ಕಾವಲು ಕಾಯುವ ಆಂಟಿವೈರಸ್ ಮಾತ್ರ ಒಂದೇ ಇರಲಿ.

ಯಾವುದೋ ಒಂದು ಫೈಲ್ ಮೇಲೆ ಅನುಮಾನವಿದ್ದರೆ ವೈರಸ್‌ಟೋಟಲ್ ಎಂಬ ವೆಬ್‌ಸೈಟ್‌ಗೆ ಹಾಕಿ ನೋಡಬಹುದು. ಹತ್ತಾರು ಆಂಟಿವೈರಸ್‌ಗಳ ತೀರ್ಪು ಒಟ್ಟಿಗೆ ಸಿಗುತ್ತದೆ. ಆದರೆ ಅಲ್ಲಿ ಹಾಕಿದ ಫೈಲ್‌ಗಳನ್ನು ಬೇರೆಯವರೂ ಪಡೆಯಬಹುದು, ಆದ್ದರಿಂದ ಆಧಾರ್, ಬ್ಯಾಂಕ್ ಸ್ಟೇಟ್‌ಮೆಂಟ್‌ನಂಥವನ್ನು ಹಾಕಬಾರದು.

ಸ್ಕ್ಯಾನ್ ಹಿಡಿಯಿತು, ತೆಗೆಯಿತು, ನಾಳೆ ಮತ್ತೆ ಬಂತು

ಈ ಹಂತದಲ್ಲೇ ಬಹಳ ಜನ ಸೋತು ಫಾರ್ಮ್ಯಾಟ್‌ಗೆ ಹೋಗುವುದು. ಫೈಲ್ ಅಳಿಸಿದರೂ ಅದನ್ನು ಮತ್ತೆ ತರಿಸುವ ಏರ್ಪಾಡು ಒಳಗೇ ಉಳಿದಿರುತ್ತದೆ. ಬೇರು ಬಿಟ್ಟು ಕಳೆ ಕಿತ್ತ ಹಾಗೆ.

ಮೊದಲು ನೋಡಬೇಕಾದ ಜಾಗ ಡಿಫೆಂಡರ್‌ನ ಒಳಗೇ ಇದೆ. ವೈರಸ್ ಆಂಡ್ ಥ್ರೆಟ್ ಪ್ರೊಟೆಕ್ಷನ್ ಸೆಟ್ಟಿಂಗ್ಸ್‌ನ ಕೊನೆಯಲ್ಲಿ ಎಕ್ಸ್‌ಕ್ಲೂಶನ್ಸ್ ಅಂತ ಒಂದು ಪಟ್ಟಿ. "ಈ ಫೋಲ್ಡರನ್ನು ನೋಡಬೇಡ" ಎಂದು ಡಿಫೆಂಡರ್‌ಗೆ ಹೇಳುವ ಪಟ್ಟಿ ಅದು. ಸಾಮಾನ್ಯ ಮನೆ ಕಂಪ್ಯೂಟರ್‌ನಲ್ಲಿ ಖಾಲಿ ಇರಬೇಕು. ಅಲ್ಲಿ ಪ್ರೋಗ್ರಾಂಗಳು ತಮ್ಮ ಫೈಲ್ ಇಡುವ ಟೆಂಪ್, ಆಪ್‌ಡೇಟಾ, ಅಥವಾ ಇಡೀ ಸಿ ಡ್ರೈವ್ ಕೂತಿದ್ದರೆ ಎಷ್ಟು ಸ್ಕ್ಯಾನ್ ಮಾಡಿದರೂ ವ್ಯರ್ಥ. ವೈರಸ್ ತಾನೇ ಸೇರಿಸಿರಬಹುದು. ಕ್ರ್ಯಾಕ್ ಸಾಫ್ಟ್‌ವೇರ್ (ದುಡ್ಡು ಕೊಡದೆ ಬಳಸಲು ಬೀಗ ಮುರಿದದ್ದು) ಹಾಕುವಾಗ "ಆಂಟಿವೈರಸ್ ಆಫ್ ಮಾಡಿ, ಈ ಫೋಲ್ಡರ್ ಸೇರಿಸಿ" ಎಂದದ್ದನ್ನು ಪಾಲಿಸಿ ನಾವೇ ಸೇರಿಸಿರುವುದೂ ಉಂಟು. ಗುರುತಿಲ್ಲದ್ದನ್ನೆಲ್ಲ ತೆಗೆದು, ಡಿಫೆಂಡರ್ ಸೆಟ್ಟಿಂಗನ್ನು ಬೇರೆ ಪ್ರೋಗ್ರಾಂ ಬದಲಿಸದಂತೆ ಕಾಯುವ ಟ್ಯಾಂಪರ್ ಪ್ರೊಟೆಕ್ಷನ್ ಆನ್ ಇದೆಯೇ ನೋಡಿ, ಮತ್ತೆ ಆಫ್‌ಲೈನ್ ಸ್ಕ್ಯಾನ್ ಮಾಡಿ.

ಆಮೇಲೆ ಟಾಸ್ಕ್ ಮ್ಯಾನೇಜರ್‌ನ ಸ್ಟಾರ್ಟಪ್ ಪಟ್ಟಿ. ಅದರಲ್ಲಿ ಕಾಣದಿದ್ದರೆ ಟಾಸ್ಕ್ ಶೆಡ್ಯೂಲರ್. ಸ್ಟಾರ್ಟ್ ಮೆನುವಿನಲ್ಲಿ ಆ ಹೆಸರು ಹುಡುಕಿದರೆ ಸಿಗುತ್ತದೆ. "ಲಾಗಿನ್ ಆದಾಗ", "ಪ್ರತಿ 10 ನಿಮಿಷಕ್ಕೆ" ಓಡು ಅಂತ ಕೆಲಸಗಳನ್ನು ಬರೆದಿಡುವ ಜಾಗ ಇದು. ಆಗಾಗ ಕಪ್ಪು ಕಿಟಕಿಯೊಂದು ಕಣ್ಣು ಮಿಟುಕಿಸುವಷ್ಟರಲ್ಲಿ ಬಂದು ಹೋಗುತ್ತಿದ್ದರೆ ಕಾರಣ ಬಹುಮಟ್ಟಿಗೆ ಇಲ್ಲೇ ಇರುತ್ತದೆ. ಪ್ರತಿ ಕೆಲಸದ ಆಕ್ಷನ್ಸ್ ಟ್ಯಾಬ್ ನೋಡಿ. ವಿಂಡೋಸ್‌ಗೆ ಆಜ್ಞೆ ಕೊಡುವ ಪವರ್‌ಶೆಲ್ ಎಂಬ ಪ್ರೋಗ್ರಾಂಗೆ, ನಮಗೆ ಅರ್ಥವಾಗದ ಉದ್ದನೆಯ ಅಕ್ಷರಮಾಲೆ ಕೊಟ್ಟಿದ್ದರೆ, ಅಥವಾ ಆಪ್‌ಡೇಟಾ ಫೋಲ್ಡರ್‌ನ ವಿಚಿತ್ರ ಹೆಸರಿನ ಫೈಲ್ ಓಡಿಸುತ್ತಿದ್ದರೆ ಡಿಸೇಬಲ್ ಮಾಡಿ. ಡಿಲೀಟ್ ಬೇಡ, ತಪ್ಪಾಗಿದ್ದರೆ ವಾಪಸ್ ಬರಲು ದಾರಿ ಇರಬೇಕು.

ಎಲ್ಲವನ್ನೂ ಒಂದೇ ಕಡೆ ನೋಡಬೇಕೆಂದರೆ ಮೈಕ್ರೋಸಾಫ್ಟ್‌ನದೇ ಆಟೋರನ್ಸ್ ಎಂಬ ಉಚಿತ ಟೂಲ್ ಇದೆ. ಕಂಪ್ಯೂಟರ್ ಜೊತೆ ತಾನಾಗಿ ಏಳುವ ಪ್ರತಿಯೊಂದನ್ನೂ ಅದು ತೋರಿಸುತ್ತದೆ. ಆಪ್ಶನ್ಸ್‌ನಲ್ಲಿ ಮೈಕ್ರೋಸಾಫ್ಟ್ ಎಂಟ್ರಿಗಳನ್ನು ಬಚ್ಚಿಡಿ, ಪಟ್ಟಿ ಚಿಕ್ಕದಾಗುತ್ತದೆ. ವೈರಸ್‌ಟೋಟಲ್ ಜೊತೆ ತಾಳೆ ನೋಡುವ ಆಯ್ಕೆಯೂ ಅದರಲ್ಲೇ ಇದೆ. ಇಲ್ಲೂ ಟಿಕ್ ತೆಗೆಯಿರಿ ಅಷ್ಟೇ, ಅಳಿಸಬೇಡಿ.

ಪಾಸ್‌ವರ್ಡ್ ಕಳ್ಳರು

ಈಗಿನ ಕಾಲದ ದೊಡ್ಡ ಅಪಾಯ ಇದು, ಇದಕ್ಕೆ ಲಕ್ಷಣವೇ ಇಲ್ಲ. ಕಂಪ್ಯೂಟರ್ ನಿಧಾನ ಆಗುವುದಿಲ್ಲ, ಜಾಹೀರಾತು ಬರುವುದಿಲ್ಲ. ರೆಡ್‌ಲೈನ್, ಲುಮ್ಮಾ ಇಂಥ ಹೆಸರಿನ ಸ್ಪೈವೇರ್‌ಗಳು ಬಂದ ಕೆಲವೇ ನಿಮಿಷದಲ್ಲಿ ಬ್ರೌಸರ್‌ನಲ್ಲಿ ಉಳಿಸಿದ ಪಾಸ್‌ವರ್ಡ್, ಕುಕೀಗಳು (ನೀವು ಲಾಗಿನ್ ಆಗಿದ್ದೀರಿ ಎಂದು ನೆನಪಿಡುವ ಚಿಕ್ಕ ಫೈಲ್‌ಗಳು), ಡೆಸ್ಕ್‌ಟಾಪ್‌ನ ಫೈಲ್‌ಗಳನ್ನು ಗಂಟುಕಟ್ಟಿ ಕಳಿಸುತ್ತವೆ. ಕೆಲವು ಆಮೇಲೆ ತಮ್ಮನ್ನೇ ಅಳಿಸಿಕೊಂಡು ಹೋಗುತ್ತವೆ. ಸ್ಕ್ಯಾನ್ ಮಾಡಿದರೆ ಏನೂ ಸಿಗುವುದಿಲ್ಲ, ಆದರೆ ಮನೆ ಆಗಲೇ ಖಾಲಿ.

ಇವು ಬರುವ ಮುಖ್ಯ ದಾರಿ ಕ್ರ್ಯಾಕ್. ಪುಕ್ಕಟೆ ಫೋಟೋಶಾಪ್, ಆಫೀಸ್ ಆಕ್ಟಿವೇಟರ್, ಗೇಮ್ ಚೀಟ್. ಜಿಪ್ ಫೈಲ್, ಅದಕ್ಕೊಂದು ಪಾಸ್‌ವರ್ಡ್, ಆ ಪಾಸ್‌ವರ್ಡ್ ಪಕ್ಕದಲ್ಲೇ ಬರೆದಿದ್ದರೆ ಅಲ್ಲೇ ನಿಲ್ಲಿ. ಪಾಸ್‌ವರ್ಡ್ ಹಾಕಿದ್ದು ನಿಮಗಾಗಿ ಅಲ್ಲ, ಆಂಟಿವೈರಸ್ ಒಳಗೆ ಇಣುಕದಿರಲಿ ಅಂತ. ಇನ್ನೊಂದು ದಾರಿ 2024ರಿಂದ ಬಹಳ ಹಬ್ಬಿದೆ. "ನೀವು ಮನುಷ್ಯರೇ ಅಂತ ಖಚಿತಪಡಿಸಿ" ಎಂಬ ಪುಟ ಬಂದು, ವಿಂಡೋಸ್ ಕೀ ಮತ್ತು ಆರ್ ಒತ್ತಿ, ಕಂಟ್ರೋಲ್ ಮತ್ತು ವಿ ಒತ್ತಿ, ಎಂಟರ್ ಒತ್ತಿ ಎನ್ನುತ್ತದೆ. ಆ ಪುಟ ನಿಮಗೆ ಗೊತ್ತಿಲ್ಲದೆ ಒಂದು ಆಜ್ಞೆಯನ್ನು ಆಗಲೇ ಕಾಪಿ ಮಾಡಿಟ್ಟಿರುತ್ತದೆ. ನಿಮ್ಮ ಕೈಯಲ್ಲೇ ಅದನ್ನು ಓಡಿಸುತ್ತದೆ. ಯಾವ ನಿಜವಾದ ಕ್ಯಾಪ್ಚಾ ಕೂಡ ಕೀಬೋರ್ಡ್‌ನಲ್ಲಿ ಹೀಗೆ ಒತ್ತಲು ಹೇಳುವುದಿಲ್ಲ. ಮಕ್ಕಳಿಗೆ ಇದೊಂದನ್ನು ಇವತ್ತೇ ಹೇಳಿ.

ಹೀಗೆ ಏನಾದರೂ ಓಡಿಸಿದ್ದು ಗೊತ್ತಾದರೆ ಪಾಸ್‌ವರ್ಡ್ ಬದಲಿಸಬೇಕು, ಆದರೆ ಅದೇ ಕಂಪ್ಯೂಟರ್‌ನಿಂದ ಬೇಡ. ಹೊಸದೂ ಅವರಿಗೇ ಹೋಗುತ್ತದೆ. ಫೋನ್‌ನಿಂದ ಮಾಡಿ. ಮೊದಲು ಇಮೇಲ್, ಯಾಕೆಂದರೆ ಉಳಿದೆಲ್ಲದರ ಕೀಲಿ ಅದರಲ್ಲಿದೆ. ಆಮೇಲೆ ಬ್ಯಾಂಕ್, ಆಮೇಲೆ ಫೇಸ್‌ಬುಕ್, ಇನ್‌ಸ್ಟಾಗ್ರಾಂ. ಬದಲಿಸಿದ ಮೇಲೆ "ಎಲ್ಲ ಸಾಧನಗಳಿಂದ ಲಾಗೌಟ್" ಮಾಡುವುದನ್ನು ಮರೆಯಬೇಡಿ. ಕದ್ದ ಕುಕೀ ಇದ್ದರೆ ಪಾಸ್‌ವರ್ಡ್ ಇಲ್ಲದೆ, ಒಟಿಪಿಯೂ ಇಲ್ಲದೆ ಒಳಗೆ ಕೂತಿರಬಹುದು. ಇಮೇಲ್‌ನ ಫಾರ್ವರ್ಡಿಂಗ್ ಸೆಟ್ಟಿಂಗ್‌ನಲ್ಲಿ ಮತ್ತು ರಿಕವರಿ ಫೋನ್ ಜಾಗದಲ್ಲಿ ಯಾರದೋ ವಿಳಾಸ, ನಂಬರ್ ಸೇರಿದೆಯೇ ನೋಡಿ. ವಾಟ್ಸಾಪ್‌ನ ಲಿಂಕ್ಡ್ ಡಿವೈಸಸ್ ಪಟ್ಟಿಯನ್ನೂ ನೋಡಿ.

ಫೈಲ್‌ಗಳೇ ತೆರೆಯುತ್ತಿಲ್ಲ, ಹೆಸರಿನ ಕೊನೆಗೆ ಏನೋ ಬಾಲ ಸೇರಿದೆ

ಇದು ರ‍್ಯಾನ್ಸಮ್‌ವೇರ್. ಫೈಲ್‌ಗಳಿಗೆ ಬೀಗ ಹಾಕಿ, ಬಿಡಿಸಲು ದುಡ್ಡು ಕೇಳುವ ವೈರಸ್. ಪ್ರತಿ ಫೋಲ್ಡರ್‌ನಲ್ಲೂ ದುಡ್ಡು ಕೇಳುವ ಒಂದು ಟೆಕ್ಸ್ಟ್ ಫೈಲ್ ಇರುತ್ತದೆ. ಬ್ಯಾಕಪ್ ಹಾರ್ಡ್ ಡಿಸ್ಕ್ ಜೋಡಿಸಿದ್ದರೆ ಆ ಕ್ಷಣವೇ ಕಿತ್ತುಬಿಡಿ. ದುಡ್ಡು ಕೊಡಬೇಡಿ, ಕೊಟ್ಟರೂ ಫೈಲ್ ಸಿಗುವ ಭರವಸೆ ಇಲ್ಲ. ಅವಸರದಲ್ಲಿ ಫಾರ್ಮ್ಯಾಟ್ ಕೂಡ ಮಾಡಬೇಡಿ. ಯೂರೋಪಿನ ಪೊಲೀಸ್ ಸಂಸ್ಥೆ ಯೂರೋಪೋಲ್, ಡಚ್ ಪೊಲೀಸ್ ಮತ್ತು ಆಂಟಿವೈರಸ್ ಕಂಪನಿಗಳು ಸೇರಿ 2016ರಲ್ಲಿ ಶುರು ಮಾಡಿದ ನೋ ಮೋರ್ ರ‍್ಯಾನ್ಸಮ್ ಎಂಬ ಜಾಲತಾಣದಲ್ಲಿ ಕೆಲವು ಬಗೆಯವಕ್ಕೆ ಬಿಡಿಸುವ ಟೂಲ್‌ಗಳು ಉಚಿತವಾಗಿ ಸಿಗುತ್ತವೆ. ಇವತ್ತು ಇಲ್ಲದಿದ್ದರೂ ಮುಂದೆ ಬರಬಹುದು. ಕೆಟ್ಟ ಫೈಲ್‌ಗಳನ್ನೂ ಆ ಟೆಕ್ಸ್ಟ್ ಫೈಲನ್ನೂ ಬೇರೆ ಡಿಸ್ಕ್‌ಗೆ ಹಾಕಿ ಇಟ್ಟುಕೊಳ್ಳಿ. ಒನ್‌ಡ್ರೈವ್, ಗೂಗಲ್ ಡ್ರೈವ್‌ನಲ್ಲಿ ಫೈಲ್‌ಗಳಿದ್ದರೆ ವರ್ಶನ್ ಹಿಸ್ಟರಿಯಲ್ಲಿ ಹಳೆಯ ಪ್ರತಿ ಸಿಗುತ್ತದೆಯೇ ನೋಡಿ.

ಹೊಸದಾಗಿ ವಿಂಡೋಸ್ ಹಾಕಲೇಬೇಕಾದಾಗ

ಪಾಸ್‌ವರ್ಡ್ ಕಳ್ಳ, ರ‍್ಯಾನ್ಸಮ್‌ವೇರ್, ಗುರುತಿಲ್ಲದವರ ಕೈಗೆ ರಿಮೋಟ್ ಕೊಟ್ಟದ್ದು, ಅಥವಾ ವಿಂಡೋಸ್ಸೇ ಕ್ರ್ಯಾಕ್ ಆಗಿರುವುದು. ಈ ನಾಲ್ಕರಲ್ಲಿ ನಾನು ಸ್ವಚ್ಛ ಮಾಡುವ ಗೋಜಿಗೆ ಹೋಗದೆ ಹೊಸದಾಗಿ ಹಾಕಿ ಎನ್ನುತ್ತೇನೆ. ಅಸೆಂಬಲ್ ಮಾಡಿಸಿದ ಕಂಪ್ಯೂಟರ್‌ಗಳಲ್ಲಿ ಕೊನೆಯದು ಸಾಮಾನ್ಯ. ಆಕ್ಟಿವೇಟರ್ ಬಳಸಿದ ವಿಂಡೋಸ್‌ನಲ್ಲಿ ಅಪ್‌ಡೇಟ್ ಮತ್ತು ಡಿಫೆಂಡರ್ ಆಫ್ ಮಾಡಿಟ್ಟಿರುವುದೂ ಉಂಟು. ಅಂಥದಕ್ಕೆ ಮತ್ತೆ ಅದೇ ಪ್ರತಿ ಹಾಕಿಸಿದರೆ ಕಳ್ಳನಿಗೇ ಕೀಲಿ ಕೊಟ್ಟಂತೆ ಆಗುತ್ತದೆ.

ಬೇರೆ ಸ್ವಚ್ಛ ಕಂಪ್ಯೂಟರ್‌ನಲ್ಲಿ ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಶನ್ ಟೂಲ್ ಇಳಿಸಿ, 8 ಜಿಬಿ ಪೆನ್ ಡ್ರೈವ್‌ಗೆ ವಿಂಡೋಸ್ ಹಾಕಿಕೊಳ್ಳಿ. ಲ್ಯಾಪ್‌ಟಾಪ್ ಜೊತೆ ಬಂದ ವಿಂಡೋಸ್ ಆಗಿದ್ದರೆ ಕೀ ಕೊಡಬೇಕಾಗಿಲ್ಲ, ಅದೇ ಗುರುತಿಸಿಕೊಳ್ಳುತ್ತದೆ. ಶುರು ಮಾಡುವ ಮೊದಲು ಫೋಟೋ, ಡಾಕ್ಯುಮೆಂಟ್‌ಗಳನ್ನಷ್ಟೇ ಹೊರಗಿನ ಡಿಸ್ಕ್‌ಗೆ ತೆಗೆದಿಡಿ. ಸೆಟಪ್ ಫೈಲ್‌ಗಳನ್ನು ತರಬೇಡಿ. ಬಹಳ ಮನೆಗಳಲ್ಲಿ ಡಿ ಡ್ರೈವ್‌ನಲ್ಲಿ "ಸಾಫ್ಟ್‌ವೇರ್ಸ್" ಅಂತ ಹಳೆಯ ಫೋಲ್ಡರ್ ಇರುತ್ತದೆ. ಅಂಗಡಿಯಲ್ಲಿ ಫಾರ್ಮ್ಯಾಟ್ ಮಾಡುವುದು ಸಿ ಡ್ರೈವ್ ಮಾತ್ರ. ಆ ಫೋಲ್ಡರ್ ಉಳಿದುಕೊಂಡು, ಅದರಿಂದಲೇ ಎಲ್ಲವನ್ನೂ ಮತ್ತೆ ಹಾಕಿ, ವೈರಸ್ಸನ್ನೂ ಜೊತೆಗೇ ಹಾಕಿಕೊಳ್ಳುತ್ತೇವೆ. ಆ ಫೋಲ್ಡರನ್ನು ಅಳಿಸಿಬಿಡಿ.

ಕನ್ನಡ ಟೈಪ್ ಮಾಡಲೆಂದು ಎಲ್ಲೆಲ್ಲಿಂದಲೋ ಸಾಫ್ಟ್‌ವೇರ್ ಇಳಿಸುವ ಅಗತ್ಯವೂ ಈಗ ಇಲ್ಲ. ವಿಂಡೋಸ್‌ನ ಲ್ಯಾಂಗ್ವೇಜ್ ಸೆಟ್ಟಿಂಗ್‌ನಲ್ಲಿ ಕನ್ನಡ ಸೇರಿಸಿದರೆ ಕೀಬೋರ್ಡ್ ಜೊತೆಗೇ ಬರುತ್ತದೆ, ಇಂಗ್ಲಿಷ್ ಅಕ್ಷರದಲ್ಲಿ ಒತ್ತಿ ಕನ್ನಡ ಮೂಡಿಸುವ ಫೋನೆಟಿಕ್ ಕೀಬೋರ್ಡೂ ಇದೆ. ಆಫೀಸ್‌ಗೆ ಬದಲು ಲಿಬ್ರೆಆಫೀಸ್ ಪೂರ್ತಿ ಉಚಿತ, ಕಾನೂನುಬದ್ಧ. ಮನೆಯ ಲೆಕ್ಕ, ಮಕ್ಕಳ ಪ್ರಾಜೆಕ್ಟ್‌ಗೆ ಧಾರಾಳ ಸಾಕು.

ಮತ್ತೆ ಬರದ ಹಾಗೆ

ದಿನಬಳಕೆಗೆ ಅಡ್ಮಿನ್ ಹಕ್ಕಿಲ್ಲದ ಸ್ಟ್ಯಾಂಡರ್ಡ್ ಖಾತೆ ಮಾಡಿ, ಅಡ್ಮಿನ್ ಖಾತೆಯ ಪಾಸ್‌ವರ್ಡ್ ಮನೆಯ ಒಬ್ಬರ ಬಳಿ ಇರಲಿ. ನನ್ನ ಲೆಕ್ಕದಲ್ಲಿ ಯಾವ ದುಡ್ಡು ಕೊಟ್ಟು ತಂದ ಆಂಟಿವೈರಸ್‌ಗಿಂತಲೂ ಇದರ ಲಾಭ ಜಾಸ್ತಿ. ಇಡೀ ಕಂಪ್ಯೂಟರ್‌ಗೆ ಇನ್‌ಸ್ಟಾಲ್ ಆಗುವ ಪ್ರೋಗ್ರಾಂಗಳಿಗೆ ಪಾಸ್‌ವರ್ಡ್ ಕೇಳುತ್ತದೆ, ಒಂದು ಗಳಿಗೆ ಯೋಚಿಸಲು ಸಮಯ ಸಿಗುತ್ತದೆ.

ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್ (ಫೈಲ್ ಹೆಸರಿನ ಕೊನೆಯ ಬಾಲ) ಆನ್ ಮಾಡಿಡಿ. ಬಿಲ್ ಡಾಟ್ ಪಿಡಿಎಫ್ ಎಂದು ಕಾಣುವ ಫೈಲ್‌ನ ಪೂರ್ತಿ ಹೆಸರು ಬಿಲ್ ಡಾಟ್ ಪಿಡಿಎಫ್ ಡಾಟ್ ಇಎಕ್ಸ್‌ಇ ಆಗಿರಬಹುದು, ಅಂದರೆ ಅದು ಪಿಡಿಎಫ್ ಅಲ್ಲ, ಪ್ರೋಗ್ರಾಂ. 2000ದ ಮೇ ತಿಂಗಳಲ್ಲಿ ಜಗತ್ತನ್ನೇ ನಡುಗಿಸಿದ ಐ ಲವ್ ಯೂ ವೈರಸ್ ಇದೇ ಚಾಳಿಯಿಂದ ಪ್ರೇಮಪತ್ರದ ಟೆಕ್ಸ್ಟ್ ಫೈಲ್‌ನಂತೆ ಬಂದಿತ್ತು. ವಿಂಡೋಸ್ ಇವತ್ತಿಗೂ ಆ ಬಾಲವನ್ನು ಬಚ್ಚಿಟ್ಟೇ ತೋರಿಸುತ್ತದೆ.

ಪ್ರಿಂಟ್ ತೆಗೆಸಲು ಬೇರೆಯದೇ ಒಂದು ಪೆನ್ ಡ್ರೈವ್ ಇಡಿ. ಬೇಕಾದ ಪಿಡಿಎಫ್ ಒಂದನ್ನೇ ಹಾಕಿಕೊಂಡು ಹೋಗಿ, ಬಂದ ಮೇಲೆ ಫಾರ್ಮ್ಯಾಟ್ ಮಾಡಿ. ವಾಟ್ಸಾಪ್‌ನಲ್ಲಿ ಅಂಗಡಿಗೆ ಕಳಿಸುವುದು ವೈರಸ್ ಮಟ್ಟಿಗೆ ಸುರಕ್ಷಿತ, ಆದರೆ ನಿಮ್ಮ ದಾಖಲೆ ಅವರ ಯಂತ್ರದಲ್ಲಿ ಉಳಿಯುತ್ತದೆ. ನಿಮ್ಮೆದುರೇ ಅಳಿಸಲು ಹೇಳಿ, ಸಂಕೋಚ ಬೇಡ. ಕೆಲಸ ನಡೆಯುವುದಾದರೆ ನಂಬರ್ ಮರೆಮಾಡಿದ ಮಾಸ್ಕ್ಡ್ ಆಧಾರ್ ಕೊಡಿ.

ಬ್ಯಾಕಪ್ ಡಿಸ್ಕ್ ಸದಾ ಜೋಡಿಸಿ ಇಡಬೇಡಿ. ತಿಂಗಳಿಗೊಮ್ಮೆ ಹಾಕಿ, ನಕಲು ಮಾಡಿ, ತೆಗೆದಿಡಿ. ಮದುವೆ ಫೋಟೋ, ಜಮೀನಿನ ಪತ್ರಗಳ ಸ್ಕ್ಯಾನ್, ಮಕ್ಕಳ ವಿಡಿಯೋ, ಇವು ಮತ್ತೆ ಸಿಗುವಂಥವಲ್ಲ.

ಅಪ್‌ಡೇಟ್ ಮುಂದೂಡುತ್ತಾ ಹೋಗಬೇಡಿ. ವಾನಾಕ್ರೈ ಎಂಬ ರ‍್ಯಾನ್ಸಮ್‌ವೇರ್ 2017ರ ಮೇ 12ರಂದು ಹರಡಿತು. ಅದು ಬಳಸಿದ ರಂಧ್ರವನ್ನು ಮುಚ್ಚುವ ಅಪ್‌ಡೇಟ್ ಅದೇ ವರ್ಷ ಮಾರ್ಚ್ 14ಕ್ಕೇ ಬಂದಿತ್ತು. ಹಾಕಿಕೊಂಡವರು ಉಳಿದರು.

ವಿಂಡೋಸ್ 10 ಇರುವವರಿಗೆ ಇಲ್ಲೇ ತೊಡಕು. 2025ರ ಅಕ್ಟೋಬರ್ 14ಕ್ಕೆ ಅದರ ಸಾಮಾನ್ಯ ಬೆಂಬಲ ಮುಗಿಯಿತು. ಮನೆ ಬಳಕೆದಾರರಿಗೆ ಎಕ್ಸ್‌ಟೆಂಡೆಡ್ ಸೆಕ್ಯುರಿಟಿ ಅಪ್‌ಡೇಟ್ಸ್ ಎಂದು ಇನ್ನೊಂದು ವರ್ಷದ ಯೋಜನೆ ಕೊಟ್ಟಿದ್ದಾರೆ, ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ಸೇರಬಹುದು. ಯಂತ್ರಕ್ಕೆ 11 ಹಾಕಲು ಆಗುತ್ತದೆಯೇ ಎಂಬುದನ್ನು ಪಿಸಿ ಹೆಲ್ತ್ ಚೆಕ್ ಎಂಬ ಮೈಕ್ರೋಸಾಫ್ಟ್ ಟೂಲ್ ಹೇಳುತ್ತದೆ. ಆಗದಿದ್ದರೆ, ಆ ಕಂಪ್ಯೂಟರ್ ಬರೀ ಬ್ರೌಸಿಂಗ್, ಯೂಟ್ಯೂಬ್, ಪತ್ರ ಬರೆಯಲು ಬಳಸುವುದಾದರೆ ವಿಂಡೋಸ್ ಬದಲಿಗೆ ಲಿನಕ್ಸ್ ಮಿಂಟ್ ಎಂಬ ಆಪರೇಟಿಂಗ್ ಸಿಸ್ಟಂ ಹಾಕಿ ನೋಡಿ. ಉಚಿತ, ಹಳೆಯ ಯಂತ್ರದಲ್ಲೂ ಹಗುರಾಗಿ ಓಡುತ್ತದೆ, ಇಲ್ಲಿ ಹೇಳಿದ ಶಾರ್ಟ್‌ಕಟ್ ವೈರಸ್ ಅದರಲ್ಲಿ ಏಳುವುದೇ ಇಲ್ಲ. ನುಡಿ ತಂತ್ರಾಂಶದ ಕೀಬೋರ್ಡ್ ವಿನ್ಯಾಸಕ್ಕೆ ಬೆರಳು ಪಳಗಿದವರಿಗೆ ಅಲ್ಲಿ ಐಬಸ್ ಎಂಬ ಟೈಪಿಂಗ್ ಟೂಲ್ ಮೂಲಕ ಅದೇ ಕೆಜಿಪಿ (ಕನ್ನಡ ಗಣಕ ಪರಿಷತ್ತು) ವಿನ್ಯಾಸ ಸಿಗುತ್ತದೆ. ಮೊದಲು ಪೆನ್ ಡ್ರೈವ್‌ನಿಂದಲೇ ಓಡಿಸಿ, ಪ್ರಿಂಟರ್ ಮತ್ತು ವೈಫೈ ಕೆಲಸ ಮಾಡುತ್ತವೆಯೇ ನೋಡಿಕೊಂಡು ಆಮೇಲೆ ಡಿಸ್ಕ್‌ಗೆ ಹಾಕಿ.